ಹುಲ್ಲು ಹಿಡಿದಿಟ್ಟ ಮರಳು: ನೆಬ್ರಾಸ್ಕಾದ ಚೆರ್ರಿ ಕೌಂಟಿಯಲ್ಲಿ ಐದು ದಿನ

ಮೊದಲ ದಿನ

ಹಿರಿಯೂರಿನ ಕಡೆಯಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅಪ್ಪನಿಗೆ ಷಿಕಾಗೋ ಮತ್ತು ನ್ಯೂಯಾರ್ಕ್ ತೋರಿಸಬೇಕೆಂದು ನಾನು ರಜೆ ಹಾಕಿದ್ದೆ. ಆದರೆ ಬಂದ ವಾರದಲ್ಲೇ ಅವರು, "ಊರುಗಳನ್ನು ಆಮೇಲೆ ನೋಡೋಣವ್ವಾ, ಈ ದೇಶದಲ್ಲಿ ದನ ಕಟ್ಟಿಕೊಂಡು ಬದುಕುವವರು ಎಲ್ಲಿದ್ದಾರೆ, ಮೊದಲು ಅಲ್ಲಿಗೆ ಹೋಗೋಣ" ಎಂದರು. ನನ್ನ ಸಹೋದ್ಯೋಗಿಯೊಬ್ಬರ ತಂದೆ ತಾಯಿ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಯಲ್ಲಿ ದನ ಸಾಕುವ ದೊಡ್ಡ ಹುಲ್ಲುಗಾವಲು, ಅಂದರೆ ರಾಂಚ್, ನಡೆಸುತ್ತಾರೆ. ಮೇ ಕೊನೆಯ ವಾರ ಅವರ ಕರುಗಳಿಗೆ ಒಡೆತನದ ಗುರುತಿನ ಮುದ್ರೆ ಹಾಕುವ ಕೆಲಸವಿದೆಯೆಂದೂ, ಬಂದವರೆಲ್ಲರಿಗೂ ಅಲ್ಲಿ ಊಟವೂ ಕೆಲಸವೂ ಇರುತ್ತದೆಂದೂ ಅವರು ಹೇಳಿದ್ದರಿಂದ, ನಾವು ಅದಕ್ಕಿಂತ ನಾಲ್ಕು ದಿನ ಮುಂಚೆಯೇ ಓಮಾಹಾದಿಂದ ಹೊರಟೆವು.

ಓಮಾಹಾದಿಂದ ಕೌಂಟಿಯ ಕೇಂದ್ರವಾದ ವ್ಯಾಲೆಂಟೈನ್‌ಗೆ ಸುಮಾರು 480 ಕಿಲೋಮೀಟರ್. ನಾರ್ಫೋಕ್ ತನಕ ಎರಡೂ ಬದಿಗೆ ಆಗತಾನೇ ಮೊಳೆತ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು. ಓನೀಲ್ ದಾಟಿದ ಮೇಲೆ ಉತ್ತ ನೆಲ ಕಡಿಮೆಯಾಗುತ್ತಾ ಹೋಯಿತು. ಐನ್ಸ್‌ವರ್ತ್ ಎಂಬ ಊರನ್ನು ಬಿಟ್ಟು ಸ್ವಲ್ಪ ದೂರ ಹೋದರೆ ನೂರನೇ ಪಶ್ಚಿಮ ರೇಖಾಂಶ ರಸ್ತೆಯನ್ನು ದಾಟುತ್ತದೆ. ಮಳೆಯನ್ನು ನಂಬಿ ಬೇಸಾಯ ಮಾಡಬಹುದಾದ ಪೂರ್ವಕ್ಕೂ, ಹಾಗೆ ನಂಬಲಾಗದ ಪಶ್ಚಿಮಕ್ಕೂ ನಡುವಿನ ಗಡಿಯೆಂದು ಅಮೆರಿಕನ್ನರು ಒಂದೂವರೆ ಶತಮಾನದಿಂದ ಗುರುತಿಸುತ್ತಾ ಬಂದಿರುವುದು ಇದೇ ಗೆರೆಯನ್ನು. ಅಲ್ಲಿಂದ ಮುಂದೆ ನೆಲ ಏಳತೊಡಗಿತು. ಒಂದರ ಹಿಂದೆ ಒಂದು ಹಸಿರು ದಿಬ್ಬ, ಮರವಿಲ್ಲ, ಮನೆಯಿಲ್ಲ, ತಂತಿಬೇಲಿಯೊಂದೇ ಗುರುತು. ಕಾರು ನಿಲ್ಲಿಸಿದಾಗ ಅಪ್ಪ ರಸ್ತೆಬದಿಯ ಹುಲ್ಲಿನ ಬುಡವನ್ನು ಬೆರಳಿನಿಂದ ಕೆದಕಿ ನೋಡಿದರು. ಒಂದು ಅಂಗುಲದ ಕೆಳಗೆ ಶುದ್ಧ ಮರಳು, ಹೊಳೆಯ ಮರಳಿಗಿಂತ ನುಣುಪಾದದ್ದು. ಅವರು ಬಹಳ ಹೊತ್ತು ಆ ಮರಳನ್ನು ಅಂಗೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಸ್ಯಾಂಡ್‌ಹಿಲ್ಸ್ ಎಂದು ಕರೆಯುವ ಈ ಪ್ರದೇಶ ನೆಬ್ರಾಸ್ಕಾ ರಾಜ್ಯದ ಕಾಲುಭಾಗದಷ್ಟಿದೆ. ಪಶ್ಚಿಮ ಗೋಳಾರ್ಧದ ಅತಿ ದೊಡ್ಡ ಮರಳುದಿಬ್ಬಗಳ ಹರವು ಇದೇ. ಕೆಲವು ದಿಬ್ಬಗಳು 400 ಅಡಿ ಎತ್ತರ, 30 ಕಿಲೋಮೀಟರ್ ಉದ್ದ ಇವೆ. ಗಾಳಿ ತಂದು ಸುರಿದ ಈ ಮರಳನ್ನು ಹುಲ್ಲಿನ ಬೇರುಗಳು ಹೊಲಿದು ಹಿಡಿದಿವೆ. ಸುಮಾರು ಸಾವಿರ ವರ್ಷಗಳ ಹಿಂದೆ ದೀರ್ಘಕಾಲದ ಬರದಲ್ಲಿ ಹುಲ್ಲು ಸತ್ತಾಗ ದಿಬ್ಬಗಳು ಮತ್ತೆ ನಡೆದಾಡಿದ್ದವೆಂದು ಭೂವಿಜ್ಞಾನಿಗಳು ಮರಳಿನ ಪದರಗಳನ್ನು ಪರೀಕ್ಷಿಸಿ ತಿಳಿದುಕೊಂಡಿದ್ದಾರೆ.

ಈ ದಿಬ್ಬಗಳ ನಡುವೆ 1883ರಲ್ಲಿ ರಚನೆಯಾದ ಚೆರ್ರಿ ಕೌಂಟಿ ನೆಬ್ರಾಸ್ಕಾದಲ್ಲೇ ಅತಿ ದೊಡ್ಡದು. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಇದರ ವಿಸ್ತೀರ್ಣ 15,500 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಕನೆಕ್ಟಿಕಟ್ ಎಂಬ ಇಡೀ ರಾಜ್ಯಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕವರು 5,455 ಜನ, ಅವರಲ್ಲಿ 2,633 ಮಂದಿ ವ್ಯಾಲೆಂಟೈನ್ ಊರೊಂದರಲ್ಲೇ ಇದ್ದರು. ಮಾಂಸಕ್ಕಾಗಿ ಸಾಕುವ ತಾಯಿಹಸುಗಳು ಒಂದೂವರೆ ಲಕ್ಷಕ್ಕೂ ಮಿಕ್ಕಿ ಇದ್ದು, ಈ ಲೆಕ್ಕದಲ್ಲಿ ಅಮೆರಿಕದ ಎಲ್ಲ ಕೌಂಟಿಗಳಿಗೂ ಇದೇ ಮೊದಲು.

ಹೆಸರು ಕೇಳಿ ಚೆರ್ರಿ ಹಣ್ಣಿನ ತೋಟಗಳಿರಬಹುದೆಂದು ಅಪ್ಪ ಭಾವಿಸಿದ್ದರು. ಅದು 1881ರಲ್ಲಿ ದರೋಡೆಕೋರರ ಬೆನ್ನಟ್ಟಿ ಹೋದಾಗ ತನ್ನದೇ ಪಡೆಯ ಸೈನಿಕನೊಬ್ಬನಿಂದ ಕೊಲೆಯಾದ ಸ್ಯಾಮ್ಯುಯೆಲ್ ಚೆರ್ರಿ ಎಂಬ ಲೆಫ್ಟಿನೆಂಟನ ಹೆಸರು. ವ್ಯಾಲೆಂಟೈನ್ ಕೂಡ ಎಡ್ವರ್ಡ್ ವ್ಯಾಲೆಂಟೈನ್ ಎಂಬ ಸಂಸತ್ ಸದಸ್ಯರ ಹೆಸರೇ. ಊರಿನವರು ಮಾತ್ರ ಅದನ್ನು ಪ್ರೀತಿಯ ಹಬ್ಬಕ್ಕೆ ಹೊಂದಿಸಿಕೊಂಡು ಬೀದಿಯ ಫಲಕಗಳಿಗೆಲ್ಲ ಕೆಂಪು ಹೃದಯ ಬರೆದಿದ್ದಾರೆ. ಪ್ರತಿ ಫೆಬ್ರವರಿಯಲ್ಲಿ ಇಲ್ಲಿಯ ಅಂಚೆಮುದ್ರೆ ಬೇಕೆಂದು ಬೇರೆ ಬೇರೆ ಊರುಗಳಿಂದ ಪತ್ರಗಳು ಬರುತ್ತವೆ.

ಎರಡನೇ ದಿನ

ಬೆಳಿಗ್ಗೆ ನಯೊಬ್ರಾರ ನದಿಯ ಮೇಲಿನ ಹಳೆಯ ರೈಲು ಸೇತುವೆಯ ಮೇಲೆ ನಡೆದೆವು. 1883ರಲ್ಲಿ ರೈಲು ಬಂದದ್ದರಿಂದಲೇ ಈ ಊರು ಹುಟ್ಟಿತು. 1992ರಲ್ಲಿ ಆ ಮಾರ್ಗವನ್ನು ಕೈಬಿಟ್ಟು ಕಾಲುದಾರಿಯಾಗಿ ಪರಿವರ್ತಿಸಿದರು. ಸೇತುವೆ ಕಾಲು ಮೈಲಿ ಉದ್ದವಿದ್ದು, 148 ಅಡಿ ಕೆಳಗೆ ನದಿ ಹರಿಯುತ್ತದೆ. ಪೊಂಕಾ ಮತ್ತು ಓಮಾಹಾ ಬುಡಕಟ್ಟುಗಳ ಭಾಷೆಯಲ್ಲಿ ನಯೊಬ್ರಾರ ಎಂದರೆ ಹರಡಿಕೊಂಡ ನೀರು.

ಊರಿನ ಪೂರ್ವಕ್ಕೆ ನದಿಯಾಚೆ ಫೋರ್ಟ್ ನಯೊಬ್ರಾರ ವನ್ಯಜೀವಿ ಧಾಮವಿದೆ. ಇಂದು ಕಾಡೆಮ್ಮೆಗಳಂಥ ಬೈಸನ್‌ಗಳು ಮೇಯುವ ಈ ಬಯಲಿನಲ್ಲಿ 1880ರಿಂದ 1906ರವರೆಗೆ ಸೇನಾ ಠಾಣ್ಯವಿತ್ತು. ಉತ್ತರದ ಗಡಿಯಾಚೆ ರೋಸ್‌ಬಡ್‌ನಲ್ಲಿ ನೆಲೆಗೊಳಿಸಲಾಗಿದ್ದ ಲಕೋಟಾ ಎಂಬ ಮೂಲನಿವಾಸಿ ಜನರ ಮೇಲೆ ಕಣ್ಣಿಡುವುದು ಅದರ ಉದ್ದೇಶ. ಈ ದಿಬ್ಬಗಳೆಲ್ಲ ಹಿಂದೆ ಲಕೋಟಾಗಳೂ ಪಾವ್ನೀಗಳೂ ಬೈಸನ್ ಬೇಟೆಯಾಡುತ್ತಿದ್ದ ನೆಲ. 1868ರ ಫೋರ್ಟ್ ಲಾರಮಿ ಒಪ್ಪಂದ ಲಕೋಟಾಗಳಿಗೆ ಈ ಭಾಗದಲ್ಲಿ ಬೇಟೆಯ ಹಕ್ಕನ್ನು ಉಳಿಸಿತ್ತು. ಆದರೆ ಹತ್ತು ವರ್ಷಗಳೊಳಗೆ ಬೈಸನ್‌ಗಳೂ ಹೋದವು, ಹಕ್ಕೂ ಹೋಯಿತು. ಇಂದಿಗೂ ವ್ಯಾಲೆಂಟೈನ್ ಪೇಟೆಗೆ ಸಾಮಾನು ಕೊಳ್ಳಲು ರೋಸ್‌ಬಡ್‌ನ ಜನ ಬರುತ್ತಾರೆ. ಅಂಗಡಿಯ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಲಕೋಟಾ ಅಜ್ಜಿಯೊಬ್ಬರು ಅಪ್ಪನ ಬಿಳಿ ಪಂಚೆಯನ್ನು ನೋಡಿ, ಅದನ್ನು ಹೇಗೆ ಉಡುತ್ತಾರೆಂದು ಆಸಕ್ತಿಯಿಂದ ಕೇಳಿ ತಿಳಿದುಕೊಂಡರು.

ಈ ಠಾಣ್ಯದಲ್ಲಿದ್ದ ಸೈನಿಕರಲ್ಲಿ ಅನೇಕರು ಕಪ್ಪುಜನರು. 1902ರಿಂದ ಇಲ್ಲಿದ್ದದ್ದು 25ನೇ ಕಾಲಾಳು ದಳ. ಅದರ ಮೂರು ತುಕಡಿಗಳು 1906ರ ಬೇಸಿಗೆಯಲ್ಲಿ ಇಲ್ಲಿಂದ ಹೊರಟು ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ತಲುಪಿದ ಕೆಲವೇ ದಿನಗಳಲ್ಲಿ ಆ ಊರಿನಲ್ಲಿ ಗುಂಡು ಹಾರಿತು. ಅದನ್ನು ಹಾರಿಸಿದವರು ಯಾರೆಂದು ಸಾಬೀತಾಗದಿದ್ದರೂ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ವಿಚಾರಣೆಯಿಲ್ಲದೆ 167 ಸೈನಿಕರನ್ನು ಕೆಲಸದಿಂದ ತೆಗೆದರು. ಸರ್ಕಾರ ಆ ಕಳಂಕವನ್ನು ತೊಡೆದದ್ದು 1972ರಲ್ಲಿ, ಅಷ್ಟರಲ್ಲಿ ಅವರಲ್ಲಿ ಬಹುತೇಕ ಎಲ್ಲರೂ ತೀರಿಹೋಗಿದ್ದರು. ಠಾಣ್ಯದ ಕಾಲದ್ದೆಂದು ಇಲ್ಲಿ ಉಳಿದಿರುವುದು ಒಂದು ಕೆಂಪು ಕೊಟ್ಟಿಗೆ. ಅದರ ಮುಂದೆ ನಿಂತಾಗ, ಈ ಗಾಳಿಯಲ್ಲಿ ನಾಲ್ಕು ಚಳಿಗಾಲ ಕಳೆದು ದಕ್ಷಿಣಕ್ಕೆ ಹೊರಟ ಆ ಯುವಕರನ್ನು ನೆನೆದು ನನ್ನ ಮನಸ್ಸು ಭಾರವಾಯಿತು.

ಠಾಣ್ಯ ಮುಚ್ಚಿದ ಮೇಲೆ, 1912ರಲ್ಲಿ, ನೆಬ್ರಾಸ್ಕಾದ ಫ್ರೆಂಡ್ ಎಂಬ ಊರಿನ ಗಿಲ್ಬರ್ಟ್ ಎಂಬವರು ಜಾಗ ಸಿಕ್ಕರೆ ತಮ್ಮಲ್ಲಿದ್ದ ಆರು ಬೈಸನ್, ಹದಿನೇಳು ಎಲ್ಕ್ ಮತ್ತು ಎರಡು ಜಿಂಕೆಗಳನ್ನು ಸರ್ಕಾರಕ್ಕೆ ಕೊಡುವುದಾಗಿ ಹೇಳಿದರು. ಧಾಮ ಆರಂಭವಾದದ್ದು ಹಾಗೆ. ನಾವು ಹೋದಾಗ ಬೈಸನ್ ಮಂದೆ ರಸ್ತೆಯ ಹತ್ತಿರವೇ ಇತ್ತು. ಕರುಗಳ ಬಣ್ಣ ತಾಯಂದಿರಂತೆ ಕಡುಕಂದಲ್ಲ, ಸುಟ್ಟ ಇಟ್ಟಿಗೆಯಂಥ ಕೆಂಪು. ತಾಯಿ ಗಾಳಿಗೆ ಎದುರಾಗಿ ನಿಂತು ಮೇಯುತ್ತಿದ್ದರೆ ಕರು ಅದರ ನೆರಳಿನಲ್ಲೇ ಮಲಗಿತ್ತು.

ಮಧ್ಯಾಹ್ನ ಸ್ಮಿತ್ ಜಲಪಾತಕ್ಕೆ ಹೋದೆವು. ಕಬ್ಬಿಣದ ಸೇತುವೆಯಲ್ಲಿ ನದಿ ದಾಟಿ ಕಣಿವೆಯೊಳಗೆ ಹೆಜ್ಜೆ ಇಟ್ಟ ಕೂಡಲೇ ಗಾಳಿ ತಣ್ಣಗಾಯಿತು. ಸುಮಾರು 63 ಅಡಿ ಎತ್ತರದಿಂದ ಘಂಟೆಯಾಕಾರದ ಬಂಡೆಯ ಮೇಲೆ ನೀರು ಬಿಳಿ ಸೆರಗಿನಂತೆ ಹರಡಿ ಇಳಿಯುತ್ತದೆ. ಮಳೆಯಿಂದ ಬಂದ ಹಳ್ಳದ ನೀರಲ್ಲ ಇದು. ಮೇಲಿನ ದಿಬ್ಬಗಳಲ್ಲಿ ಇಂಗಿದ ನೀರು ಮರಳಿನೊಳಗೇ ಸಾಗಿ, ಗಟ್ಟಿಯಾದ ಕೆಳಪದರ ಅಡ್ಡ ಬಂದಲ್ಲಿ ಊಟೆಯಾಗಿ ಹೊರಬೀಳುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ಬತ್ತುವುದಿಲ್ಲ. ಈ ತಂಪಿನ ಆಶ್ರಯದಲ್ಲಿ, ಹಿಮಯುಗದ ಕಾಲದಿಂದ ಉಳಿದುಕೊಂಡ ಕಾಗದದಂಥ ತೊಗಟೆಯ ಬರ್ಚ್ ಮರಗಳಿವೆ. ಅವುಗಳ ಬಂಧುಬಳಗವೆಲ್ಲ ಈಗ ನೂರಾರು ಕಿಲೋಮೀಟರ್ ಉತ್ತರದಲ್ಲಿದೆ. ಅದೇ ನದಿಯ ಎದುರು ದಂಡೆಯಲ್ಲಿ, ರಾಕಿ ಪರ್ವತಗಳ ಕಡೆಯ ಪಾಂಡರೋಸಾ ಪೈನ್ ಬೆಳೆದು ನಿಂತಿದೆ. ಪೂರ್ವದ ಮರ, ಪಶ್ಚಿಮದ ಮರ, ಉತ್ತರದ ಮರ ಒಂದೇ ಕಣಿವೆಯಲ್ಲಿ ಎದುರುಬದುರಾಗಿ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನದಿಗೆ ಅಡ್ಡಲಾಗಿ ನಾರ್ಡನ್ ಬಳಿ ಅಣೆಕಟ್ಟು ಕಟ್ಟುವ ಯೋಜನೆಯೊಂದಿತ್ತು. ಸ್ಥಳೀಯ ರಾಂಚಿನವರೂ ಪರಿಸರ ಪ್ರಿಯರೂ ಸೇರಿ ವಿರೋಧಿಸಿದ್ದರಿಂದ ಅದು ನಿಂತಿತು, 1991ರಲ್ಲಿ ನದಿಯ ಈ ಭಾಗಕ್ಕೆ ರಾಷ್ಟ್ರೀಯ ರಕ್ಷಣೆ ದೊರೆಯಿತು.

ಮೂರನೇ ದಿನ

83ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟ ಈ ದಿನವೇ ಪ್ರವಾಸದಲ್ಲಿ ನನಗೆ ಹೆಚ್ಚು ಕಲಿಸಿದ್ದು.

ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಕೆರೆಗಳು ಕಾಣತೊಡಗಿದವು. 1935ರಲ್ಲಿ ಸ್ಥಾಪನೆಯಾದ ವ್ಯಾಲೆಂಟೈನ್ ವನ್ಯಜೀವಿ ಧಾಮದಲ್ಲಿ ಹ್ಯಾಕ್‌ಬೆರಿ, ಪೆಲಿಕನ್, ಡ್ಯೂಯಿ ಮುಂತಾದ ಹೆಸರಿನ ಕೆರೆಗಳು ಸಾಲಾಗಿವೆ. ಇವಕ್ಕೆ ಏರಿಯಿಲ್ಲ, ತೂಬಿಲ್ಲ, ನೀರು ಹರಿದು ಬರುವ ಕಾಲುವೆಯೂ ಕಣ್ಣಿಗೆ ಬೀಳುವುದಿಲ್ಲ. ನೆಲದಡಿಯ ನೀರಿನ ಮಟ್ಟಕ್ಕಿಂತ ತಗ್ಗು ಕೆಳಗಿದ್ದಲ್ಲಿ ಅಂತರ್ಜಲವೇ ಕೆರೆಯಾಗಿ ನಿಂತಿದೆ. ವರ್ಷಕ್ಕೆ ಬೀಳುವುದು ಸುಮಾರು 20 ಅಂಗುಲ ಮಳೆ ಮಾತ್ರ, ಆದರೆ ಮರಳು ಬಿದ್ದ ಹನಿಯನ್ನು ಹರಿಯಗೊಡದೆ ಕುಡಿದುಬಿಡುತ್ತದೆ. ಹೀಗೆ ಸಾವಿರಾರು ವರ್ಷ ಇಂಗಿದ ನೀರು ಒಗಲಾಲಾ ಎಂಬ ಮಹಾ ಜಲಧರವನ್ನು, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ನೆಲದಡಿಯ ಪದರವನ್ನು, ತುಂಬಿದೆ. ಎಂಟು ರಾಜ್ಯಗಳ ಅಡಿಯಲ್ಲಿ ಹಬ್ಬಿರುವ ಆ ಜಲಧರದ ಮೂರನೇ ಎರಡು ಪಾಲು ನೀರು ನೆಬ್ರಾಸ್ಕಾದ ಕೆಳಗಿದೆ. ಈ ದಿಬ್ಬಗಳ ಅಡಿಯಲ್ಲಿ ಕೆಲವೆಡೆ ನೀರು ತುಂಬಿದ ಪದರದ ದಪ್ಪವೇ ಸುಮಾರು 1,000 ಅಡಿ. ಅದೇ ಜಲಧರ ಟೆಕ್ಸಾಸ್ ಮತ್ತು ಕ್ಯಾನ್ಸಾಸ್‌ಗಳಲ್ಲಿ ಪಂಪುಗಳಿಗೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ.

ಇದನ್ನು ಓದಿ ತಿಳಿಯುವುದು ಬೇರೆ, ನೋಡುವುದು ಬೇರೆ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ವಿಂಡ್‌ಮಿಲ್ ತಿರುಗುತ್ತಿತ್ತು. ನಾಲ್ಕು ಕಾಲಿನ ಉಕ್ಕಿನ ಗೋಪುರ, ಮೇಲೆ ತಗಡಿನ ರೆಕ್ಕೆಗಳ ಚಕ್ರ, ಬೀಸುವ ದಿಕ್ಕಿಗೆ ತಿರುಗಿಸುವ ಬಾಲ. ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಸರಳು ಮೇಲೆ ಹೋಗಿ ಕೆಳಗಿಳಿದು 'ಕಿರ್ರ್, ಟಕ್' ಎನ್ನುತ್ತದೆ, ಕೊಳವೆಯಿಂದ ಹೆಬ್ಬೆರಳು ಗಾತ್ರದ ನೀರು ಒಮ್ಮೆ ಚಿಮ್ಮಿ ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ. ದುಂಡನೆಯ ತೊಟ್ಟಿ ತುಂಬಿ, ಉಕ್ಕಿದ ನೀರು ಹುಲ್ಲಿನಲ್ಲಿ ಹರಿದು ಸಣ್ಣ ಮಡುವಾಗಿತ್ತು. ಕರೆಂಟಿಲ್ಲ, ಮೋಟಾರಿಲ್ಲ. ಅಪ್ಪ ಬೊಗಸೆಯೊಡ್ಡಿ ಕುಡಿದರು. ನಮ್ಮ ತೋಟದಲ್ಲಿ ಅವರು ಹತ್ತು ವರ್ಷಗಳಲ್ಲಿ ಐದು ಬೋರ್ ಕೊರೆಸಿದ್ದಾರೆ, ಕೊನೆಯದು 800 ಅಡಿ ಹೋಗಿ ಬರೀ ಕಲ್ಲಿನ ಪುಡಿಯನ್ನೇ ಉಗುಳಿತು. ಅಂದು ಬೋರ್‌ವೆಲ್ ಲಾರಿಯ ಹತ್ತಿರ ನಿಂತಿದ್ದ ಅವರ ಮುಖ ನನಗೆ ನೆನಪಿದೆ. ಇಲ್ಲಿ ಅವರು ಏನೂ ಮಾತಾಡದೆ ಮತ್ತೊಮ್ಮೆ ಬೊಗಸೆ ತುಂಬಿಕೊಂಡರು.

ಹಾಗಾದರೆ ಇಷ್ಟು ನೀರಿರುವ ನೆಲವನ್ನು ಉಳಲಿಲ್ಲವೇಕೆ? ಉತ್ತವರಿದ್ದರು. 1862ರ ಹೋಮ್‌ಸ್ಟೆಡ್ ಕಾಯಿದೆ ಕುಟುಂಬವೊಂದಕ್ಕೆ 160 ಎಕರೆ ಕೊಡುತ್ತಿತ್ತು. ಆದರೆ ಈ ದಿಬ್ಬಗಳನ್ನು ಯಾರೂ ಕೇಳಲಿಲ್ಲ. ಇಲ್ಲಿ ದನ ಬದುಕುವುದಿಲ್ಲವೆಂದೇ ಎಲ್ಲರೂ ನಂಬಿದ್ದರು. 1879ರ ಹಿಮಬಿರುಗಾಳಿಯಲ್ಲಿ ದಿಬ್ಬಗಳೊಳಗೆ ನುಗ್ಗಿ ತಪ್ಪಿಸಿಕೊಂಡ ದನಗಳನ್ನು ಹುಡುಕಲು ನ್ಯೂಮನ್ ಸಹೋದರರ ಎನ್-ಬಾರ್ ರಾಂಚಿನ ಆಳುಗಳು ಹೋದಾಗ, ತಮ್ಮ ದನಗಳ ಜೊತೆಗೆ ಯಾರ ಮುದ್ರೆಯೂ ಇಲ್ಲದ, ಕೊಬ್ಬಿದ ಕಾಡುದನಗಳೂ ಸಿಕ್ಕವು. ಅಂದಿನಿಂದ ದೊಡ್ಡ ದನಗಾರರು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಹಾಕಿ ತಮ್ಮದೆಂಬಂತೆ ಬಳಸಿದರು. ಸ್ಪೇಡ್ ರಾಂಚಿನ ಬಾರ್ಟ್ಲೆಟ್ ರಿಚರ್ಡ್ಸ್ ಅವರಲ್ಲಿ ಪ್ರಮುಖರು. ಬೇಲಿ ಕೀಳಬೇಕೆಂಬ ಆಜ್ಞೆ ಬಂತು, ಬೇನಾಮಿ ಹೆಸರುಗಳಲ್ಲಿ ಜಮೀನು ಪಡೆದ ಅಪರಾಧಕ್ಕೆ ರಿಚರ್ಡ್ಸ್‌ಗೆ 1906ರಲ್ಲಿ ಶಿಕ್ಷೆಯಾಯಿತು, 1911ರಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಗಲೇ ತೀರಿಕೊಂಡರು.

ಇತ್ತ 1904ರಲ್ಲಿ, ಓನೀಲ್‌ನ ಸಂಸದ ಮೋಸೆಸ್ ಕಿಂಕೈಡ್ ತಂದ ಕಾಯಿದೆ ಪಶ್ಚಿಮ ನೆಬ್ರಾಸ್ಕಾದ 37 ಕೌಂಟಿಗಳಲ್ಲಿ ಕುಟುಂಬಕ್ಕೆ 640 ಎಕರೆ ನೀಡಿತು. ಐದು ವರ್ಷ ವಾಸವಿದ್ದು, ಎಕರೆಗೆ 1.25 ಡಾಲರ್‌ನಷ್ಟು ಅಭಿವೃದ್ಧಿ ಮಾಡಿದರೆ ಭೂಮಿ ಅವರದು. ಸಾವಿರಾರು ಜನ ಬಂದು ಹುಲ್ಲುಹೆಂಟೆಗಳಿಂದ ಮನೆ ಕಟ್ಟಿ, ಸಗಣಿಯನ್ನೇ ಉರುವಲು ಮಾಡಿಕೊಂಡು ನಿಂತರು. ಕೇಳಲು 640 ಎಕರೆ ದೊಡ್ಡ ಜಮೀನು. ಆದರೆ ಇಲ್ಲಿ ಒಂದು ಹಸು ಮತ್ತು ಅದರ ಕರುವಿಗೆ ವರ್ಷದ ಮೇವಿಗೆ ಹತ್ತು ಹದಿನೈದು ಎಕರೆಗೂ ಹೆಚ್ಚು ಬೇಕು. ಎಂದರೆ ಇಡೀ ಜಮೀನಿನಲ್ಲಿ ನಲವತ್ತು ಹಸುಗಳ ಬದುಕು. ಸಾಲದೆಂದು ಉತ್ತವರ ಹೊಲ ಒಂದೆರಡು ಬೆಳೆಯ ಮೇಲೆ ಗಾಳಿಗೆ ಎದ್ದುಹೋಯಿತು.

ಹಾಗೆ ಬಂದವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರವೆನಿಸಿದ್ದು ಡಿವಿಟ್ಟಿ ಎಂಬ ವಸಾಹತಿನ ಜನ. ಗುಲಾಮಗಿರಿಯಿಂದ ಪಾರಾಗಿ ಕೆನಡಾ ಸೇರಿದ್ದ ಕುಟುಂಬಗಳ ಸಂತತಿಯವರೂ ಸೇರಿದಂತೆ, ನೆಬ್ರಾಸ್ಕಾದ ಓವರ್ಟನ್‌ನಲ್ಲಿದ್ದ ಕಪ್ಪು ಕುಟುಂಬಗಳು 1907ರ ಸುಮಾರಿಗೆ ಬ್ರೌನ್ಲಿ ಎಂಬ ಹಳ್ಳಿಯ ಹತ್ತಿರ ನಾರ್ತ್ ಲೂಪ್ ನದಿಯ ದಂಡೆಯುದ್ದಕ್ಕೂ ಕಿಂಕೈಡ್ ಜಮೀನು ಹಿಡಿದವು. ಚರ್ಚು, ಅಂಚೆಕಚೇರಿ, ಅಂಗಡಿ, ಶಾಲೆಗಳು, ಬೇಸ್‌ಬಾಲ್ ತಂಡ ಎಲ್ಲವೂ ಅಲ್ಲಿದ್ದವು. ಬ್ರೌನ್ಲಿಯ ಬಿಳಿಯರೊಂದಿಗೆ ಬೇಸಿಗೆಯ ಆಟಕೂಟಗಳಲ್ಲಿ ಒಟ್ಟಾಗಿ ಸೇರುತ್ತಿದ್ದರು. ನೆಬ್ರಾಸ್ಕಾದ ಗ್ರಾಮೀಣ ಕಪ್ಪು ವಸಾಹತುಗಳಲ್ಲಿ ಇದೇ ಹೆಚ್ಚು ಕಾಲ ಬಾಳಿದ್ದು. ಆದರೂ 1930ರ ದಶಕ ಮುಗಿಯುವ ಹೊತ್ತಿಗೆ ಜಮೀನುಗಳು ನೆರೆಯ ರಾಂಚುಗಳಿಗೆ ಮಾರಾಟವಾಗಿ ಎಲ್ಲರೂ ಚದುರಿದ್ದರು. ಹೆದ್ದಾರಿಯ ಬದಿಯಲ್ಲಿ 2016ರಲ್ಲಿ ನಿಲ್ಲಿಸಿದ ಫಲಕವೊಂದಿದೆ. ಅದರಾಚೆ ಹುಲ್ಲು, ನದಿ, ದನ. ಹೆಂಟೆಯ ಗೋಡೆಗಳು ಮತ್ತೆ ನೆಲವೇ ಆಗಿವೆ. ತಮ್ಮ ಹೆಸರಿನಲ್ಲಿ ಭೂಮಿ ಬರೆಸಿಕೊಳ್ಳಲು ಬಂದ ಜನಕ್ಕೆ ಸಿಕ್ಕದ್ದು ಇಂಥ ಮರಳು, ಅದನ್ನೂ ಅವರು ಇಪ್ಪತ್ತೈದು ವರ್ಷ ಹಿಡಿದು ನಿಂತರು. ಫಲಕದ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದಂತೆ ಅಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ರಾತ್ರಿ ಮೆರಿಟ್ ಜಲಾಶಯದ ದಂಡೆಗೆ ಹೋದೆವು. ಸ್ನೇಕ್ ನದಿಗೆ 1964ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಇದು. ಸುತ್ತ ದೀಪಗಳೇ ಇಲ್ಲದ್ದರಿಂದ ಆಕಾಶವೀಕ್ಷಕರು ಬೇಸಿಗೆಯಲ್ಲಿ ಇಲ್ಲಿ ಸೇರುತ್ತಾರೆ, 2022ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಕಗ್ಗತ್ತಲ ಉದ್ಯಾನವೆಂಬ ಮಾನ್ಯತೆಯೂ ದೊರೆತಿದೆ. ಸಪ್ತರ್ಷಿಗಳು ದಿಬ್ಬದ ಮೇಲೆಯೇ ಇಟ್ಟಂತಿದ್ದರು.

ನಾಲ್ಕನೇ ದಿನ

20ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ. ಕೌಂಟಿಯೊಳಗೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು, ಏಕೆಂದರೆ ಚೆರ್ರಿ ಕೌಂಟಿ ಎರಡು ಕಾಲವಲಯಗಳಲ್ಲಿ ಹಂಚಿಹೋಗಿದೆ.

ನೂರೈವತ್ತು ಚಿಲ್ಲರೆ ಜನರಿರುವ ಕೋಡಿ ಎಂಬ ಹಳ್ಳಿಯಲ್ಲಿ ದಿನಸಿ ಅಂಗಡಿ ಮುಚ್ಚಿಹೋಗಿ, ಹಾಲು ಬೆಣ್ಣೆಗೂ ದೂರದ ಊರಿಗೆ ಹೋಗಬೇಕಾಗಿತ್ತು. ಆಗ ಶಾಲೆಯ ಮಕ್ಕಳೂ ಶಿಕ್ಷಕರೂ ಊರಿನವರೂ ಸೇರಿ ಒಣಹುಲ್ಲಿನ ಪಿಂಡಿಗಳಿಂದ ಗೋಡೆಯೆಬ್ಬಿಸಿ ಅಂಗಡಿಯೊಂದನ್ನು ಕಟ್ಟಿ 2013ರಲ್ಲಿ ತೆರೆದರು. ಸರ್ಕಲ್ ಸಿ ಮಾರ್ಕೆಟ್ ಎಂಬ ಆ ಅಂಗಡಿಯನ್ನು ನಡೆಸುವವರು ಪ್ರೌಢಶಾಲೆಯ ವಿದ್ಯಾರ್ಥಿಗಳು. ನಮಗೆ ಬಿಲ್ಲು ಹಾಕಿಕೊಟ್ಟ ಹುಡುಗಿ, ದಾಸ್ತಾನು ಲೆಕ್ಕ ಬರೆಯುವುದೂ ತನ್ನ ಪಾಠದ ಭಾಗವೆಂದು ಹೇಳಿದಳು. ಈ ಕೌಂಟಿಯ ಒಳಭಾಗಗಳಲ್ಲಿ ಬೆರಳೆಣಿಕೆಯ ಮಕ್ಕಳಿರುವ ಏಕೋಪಾಧ್ಯಾಯ ಶಾಲೆಗಳು ಇನ್ನೂ ಉಳಿದಿವೆ. ಅಂಥ ಶಾಲೆಗಳನ್ನು ಲೆಕ್ಕದ ನೆಪದಲ್ಲಿ ಮುಚ್ಚುವುದು ಎಲ್ಲಿಯೂ ನಡೆಯುವ ಕೆಲಸ, ಉಳಿಸಿಕೊಳ್ಳುವವರನ್ನು ಕಂಡರೆ ನನಗೆ ಗೌರವ.

ಮೆರಿಮನ್ ಬಳಿಯ ಬೋರಿಂಗ್ ರಾಂಚ್ ಈಗ ರಾಜ್ಯದ ಸ್ಮಾರಕ. ಗಂಡ ಆರ್ಥರ್ 1944ರಲ್ಲಿ ತೀರಿಕೊಂಡ ಮೇಲೆ ಈವಾ ಬೋರಿಂಗ್ ಈ ರಾಂಚನ್ನು ತಾವೇ ನಡೆಸಿದರು. 1954ರ ಏಪ್ರಿಲ್‌ನಲ್ಲಿ ತೆರವಾದ ಸ್ಥಾನಕ್ಕೆ ನೇಮಕಗೊಂಡು, ಅಮೆರಿಕದ ಸೆನೆಟ್‌ನಲ್ಲಿ ನೆಬ್ರಾಸ್ಕಾವನ್ನು ಪ್ರತಿನಿಧಿಸಿದ ಮೊದಲ ಮಹಿಳೆಯಾದರು. ನವೆಂಬರಿನವರೆಗೆ ಅಲ್ಲಿದ್ದು ಹಿಂತಿರುಗಿದ ಅವರು ಕೊನೆಗೆ ರಾಂಚನ್ನು ರಾಜ್ಯಕ್ಕೆ ಬಿಟ್ಟುಹೋದರು.

ಐದನೇ ದಿನ

ರಾಂಚಿನ ದಾರಿ ಒಂದೇ ಗಾಡಿಯಗಲದ ಟಾರು ರಸ್ತೆ. ಬೇಲಿ ಅಡ್ಡ ಬಂದಲ್ಲೆಲ್ಲ ಗೇಟಿಗೆ ಬದಲಾಗಿ ಗುಂಡಿಯ ಮೇಲೆ ಕಬ್ಬಿಣದ ಕೊಳವೆಗಳನ್ನು ಅಡ್ಡಡ್ಡಲಾಗಿ ಜೋಡಿಸಿರುತ್ತಾರೆ, ಗಾಡಿ ದಾಟುತ್ತದೆ, ದನ ದಾಟುವುದಿಲ್ಲ. ಇಲ್ಲಿಯವರು ಇದನ್ನು ಆಟೋಗೇಟ್ ಎನ್ನುತ್ತಾರೆ. ಎದುರು ಬಂದ ಪ್ರತಿಯೊಬ್ಬ ಚಾಲಕರೂ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸಿದರು.

ಬೆಳಿಗ್ಗೆ ಆರೂವರೆಗೆಲ್ಲ ನೆರೆಯ ಹತ್ತು ಹನ್ನೆರಡು ರಾಂಚುಗಳವರು ಕುದುರೆಗಳೊಂದಿಗೆ ಬಂದು ಸೇರಿದ್ದರು. ನೆರೆ ಎಂದರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದವರು. ಯಾರಿಗೂ ಕೂಲಿಯಿಲ್ಲ. ಇಂದು ಇವರ ಕರುಗಳು, ನಾಳೆ ಇನ್ನೊಬ್ಬರದು. ಅಪ್ಪನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. "ಮುಯ್ಯಾಳು" ಎಂದರು, ಅಷ್ಟೇ. ತಾಯಿಗಳಿಂದ ಬೇರ್ಪಡಿಸಿದ ಕರುಗಳ ಹಿಂಗಾಲಿಗೆ ಕುದುರೆಯ ಮೇಲಿನಿಂದ ಹಗ್ಗ ಬೀಸಿ, ಗ್ಯಾಸ್ ಉರಿಯ ಕಡೆಗೆ ಎಳೆದು ತರುತ್ತಾರೆ. ಇಬ್ಬರು ಕರುವನ್ನು ಅದುಮಿ ಹಿಡಿದಾಗ ಒಬ್ಬರು ಚುಚ್ಚುಮದ್ದು ಹಾಕುತ್ತಾರೆ, ಒಬ್ಬರು ಹೋರಿಗರುವಿನ ಬೀಜ ತೆಗೆಯುತ್ತಾರೆ, ಇನ್ನೊಬ್ಬರು ಕಾದ ಮುದ್ರೆಯನ್ನು ಪಕ್ಕೆಗೆ ಒತ್ತುತ್ತಾರೆ. ಸುಟ್ಟ ಕೂದಲಿನ ಹೊಗೆ ಹಳದಿಯಾಗಿ ಏಳುತ್ತದೆ. ನಿಮಿಷದೊಳಗೆ ಕರು ಎದ್ದು ತಾಯಿಯ ಕಡೆಗೆ ಓಡುತ್ತದೆ. ಕರುವಿನ ಕೂಗು ಕೇಳಿದಾಗಲೆಲ್ಲ ನಾನು ಮುಖ ತಿರುಗಿಸಿದೆ. ಅಪ್ಪ ತಿರುಗಿಸಲಿಲ್ಲ. ಹತ್ತು ಕರುಗಳನ್ನು ನೋಡಿದ ಮೇಲೆ ತಾವೂ ಹೋಗಿ ಹಿಂಗಾಲು ಹಿಡಿಯಲು ಕುಳಿತರು. ಎಪ್ಪತ್ತರ ಹತ್ತಿರದ ಇಬ್ಬರು ಹಿರಿಯರು, ಅವರೂ ಮನೆಯ ಯಜಮಾನರೂ, ಪರಸ್ಪರ ಭಾಷೆ ತಿಳಿಯದೆ ಕಣ್ಸನ್ನೆಯಲ್ಲೇ ಹನ್ನೆರಡು ಗಂಟೆಯವರೆಗೆ ಕೆಲಸ ಮಾಡಿದರು.

ಊಟದ ನಂತರ ಯಜಮಾನರು ನಮ್ಮನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ದಿಬ್ಬವೊಂದರ ಹಿಂಬದಿಗೆ ಕರೆದೊಯ್ದರು. ಹುಲ್ಲು ಹರಿದು, ಒಂದು ಮನೆಯಷ್ಟು ಅಗಲದ ಬೋಳು ಮರಳು ಬಾಯಿ ತೆರೆದಿತ್ತು. ಇಂಥದ್ದಕ್ಕೆ ಅವರು ಬ್ಲೋಔಟ್ ಎನ್ನುತ್ತಾರೆ. ದನ ಒಂದೇ ದಾರಿಯಲ್ಲಿ ನಡೆದು ಬೇರು ಕಿತ್ತರೆ ಸಾಕು, ಉಳಿದದ್ದನ್ನು ಗಾಳಿ ಮುಂದುವರಿಸುತ್ತದೆ. ಅವರ ತಾತ ಕಿಂಕೈಡ್ ಜಮೀನಿನಲ್ಲಿ ಮೆಕ್ಕೆಜೋಳ ಬಿತ್ತಿದ್ದ ಜಾಗವೇ ಇದಂತೆ. ಮೂರು ತಲೆಮಾರಿನಿಂದ ಈ ಗಾಯವನ್ನು ಮುಚ್ಚುತ್ತಿದ್ದೇವೆ ಎಂದರು. ಗುಂಡಿಯ ತುಂಬ ಹಳೆಯ ಟೈರುಗಳನ್ನು ಹರಡಿದ್ದರು, ಅರ್ಧ ಮರಳಿನಲ್ಲಿ ಹೂತಿದ್ದ ಅವು ಗಾಳಿಯ ಓಟವನ್ನು ತಡೆಯುತ್ತವೆ. ಅದರ ಮೇಲೆ ಹಾಳಾದ ಒಣಹುಲ್ಲು ಹರವಿದರೆ ಅದರಲ್ಲಿನ ಬೀಜ ಮೊಳೆಯುತ್ತದೆ. ಅಂಚಿನ ಒಂದು ಟೈರಿನ ನಡುವೆ ನಾಲ್ಕೈದು ಎಸಳು ಸ್ಯಾಂಡ್‌ರೀಡ್ ಹುಲ್ಲು ಬಂದಿತ್ತು. ಅಪ್ಪ ಮಂಡಿಯೂರಿ, ಎಸಳುಗಳನ್ನು ಮುಟ್ಟದೆ, ಅದರ ಸುತ್ತಲಿನ ಮರಳನ್ನು ಮೆಲ್ಲಗೆ ಸರಿಸಿ ನೋಡಿದರು. ಬೇರು ಅಡ್ಡಲಾಗಿ ಒಂದು ಮೊಳದಷ್ಟು ಓಡಿ ಪಕ್ಕದ ಟೈರಿನ ಅಡಿಗೆ ತಲುಪಿತ್ತು. ಅವರು ಮರಳನ್ನು ಮತ್ತೆ ಮುಚ್ಚಿ ಅಂಗೈಯಿಂದ ತಟ್ಟಿದರು. ಪಿಕಪ್ಪಿನ ಹಿಂಬದಿಯಲ್ಲಿ ಹುಲ್ಲಿನ ಎರಡು ಪಿಂಡಿಗಳಿದ್ದವು. ಮೂವರೂ ಸೇರಿ ಅವನ್ನು ಬಿಚ್ಚಿ ಗುಂಡಿಯ ಪಶ್ಚಿಮದ ಅಂಚಿಗೆ ಹರವಿದೆವು, ಅಷ್ಟರಲ್ಲಿ ನಾಳೆ ಯಾರ ಮನೆಯ ಕರುಗಳೆಂದು ಕೇಳಲು ಯಜಮಾನರಿಗೆ ಫೋನ್ ಬಂತು.